ಮೇಷ್ಟ್ರ ಹೆಬ್ಬೆರಳು ಕಚ್ಚಿದ ಹಾವುಮೀನು

ಮೇಷ್ಟ್ರ ಬಲಗೈ ಹೆಬ್ಬೆರಳ ಬುಡದಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗಾಯದ ಗುರುತುಗಳಿದ್ದವು. ಅವರು ಕಾಫಿ ಲೋಟ ಹಿಡಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕೇಳಿದರೆ, "ಹಾವುಮೀನು ಕಚ್ಚಿದ್ದು ಕಣಮ್ಮ. ತಪ್ಪು ನಂದೇ. ಹೇಳದೆ ಕೇಳದೆ ಅದರ ಮನೆಯೊಳಗೆ ಕೈ ಹಾಕಿದ್ದೆ" ಎಂದು ನಗುತ್ತಿದ್ದರು.

ಮೈಸೂರು ಕಡೆಯವರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿ, ಮುಂಬಯಿಯ ಘಾಟ್ಕೋಪರಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದರು. ಈರುಳ್ಳಿಯನ್ನೂ ಮುಟ್ಟದ ಈ ಮನುಷ್ಯ ಪ್ರಾಯದಲ್ಲಿ ಹವಳದ ದಿಬ್ಬಗಳ ನಡುವೆ ಮುಳುಗಿ ಮೀನು ನೋಡುತ್ತ ಅಲೆದವರು. ಹಾವುಮೀನಿಗೆ ಕಣ್ಣು ಮಂದ, ಮೂಗು ಚುರುಕು. ಹಗಲೆಲ್ಲ ಹವಳದ ಸಂದಿಯಿಂದ ತಲೆಯಷ್ಟೇ ಹೊರಹಾಕಿ ಕೂರುತ್ತದೆ. ಗಂಟಲಲ್ಲಿರುವ ಇನ್ನೊಂದು ಜೊತೆ ದವಡೆ ಮುಂದೆ ಬಂದು ಬೇಟೆಯನ್ನು ಒಳಗೆಳೆಯುತ್ತದೆ. ಇದನ್ನೆಲ್ಲ ಪಕ್ಕದ ಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದರು.

ಚಿಕ್ಕಂದಿನಲ್ಲಿ ನನ್ನ ಮೂಗು ಸದಾ ಕಟ್ಟಿರುತ್ತಿತ್ತು, ಬಾಯಿ ಸದಾ ತೆರೆದಿರುತ್ತಿತ್ತು. ಬಿಲ್ಡಿಂಗಿನ ಮಕ್ಕಳು ಹಿಂದಿಯಲ್ಲಿ 'ಮಛಲಿ', ಮೀನು ಎಂದು ರೇಗಿಸುತ್ತಿದ್ದವು. ಧಾರವಾಡದ ನನ್ನ ಅವ್ವ, "ಬಾಯಿ ಮುಚ್ಚ ಮೊದ್ಲ, ನೊಣ ಹೊಕ್ಕಾವು" ಎಂದು ಗದರುತ್ತಿದ್ದಳು. ನಾನು ಕೆಳಗೆ ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದೆ.

ಒಂದು ಭಾನುವಾರ ಮೇಷ್ಟ್ರು ನನ್ನನ್ನೂ ಅವ್ವನನ್ನೂ ಲೋಕಲ್ ರೈಲು ಹತ್ತಿಸಿ ಅಕ್ವೇರಿಯಂ ತೋರಿಸಲು ಕರೆದೊಯ್ದರು. ಗಾಜಿನಾಚೆ ಚುಕ್ಕೆ ಮೈಯ ಹಾವುಮೀನೊಂದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು.

"ಯವ್ವಾ, ಎಷ್ಟ್ ಸಿಟ್ಟೈತಿ ಇದಕ್ಕ!" ಅವ್ವ ಹಿಂದೆ ಸರಿದಳು.

"ಸಿಟ್ಟಲ್ಲಮ್ಮ, ಉಸಿರಾಟ. ಕಿವಿರಿಗೆ ನೀರು ಹೋಗ್ತಾನೇ ಇರ್ಬೇಕಲ್ಲ, ಅದಕ್ಕೇ ಬಾಯಿ ಆಡಿಸ್ತಿದೆ. ಮುಚ್ಕೊಂಡು ಸುಮ್ಮನಾಯ್ತೋ, ಆಗ ಹೆದರ್ಕೊಳ್ಳಿ." ಆಮೇಲೆ ಮೀನನ್ನೇ ನೋಡುತ್ತ, "ಮಗೂನ ಬಯ್ಯೋದು ಬಿಟ್ಟು ಮೂಗಿನ ಡಾಕ್ಟ್ರಿಗೆ ತೋರಿಸಿ" ಎಂದರು.

ಅವ್ವ ತೋರಿಸಿದಳು. ಮತ್ತೆಂದೂ ಬಾಯಿ ಮುಚ್ಚು ಎನ್ನಲಿಲ್ಲ. ನಾನು ಮತ್ತೆ ಆಟಕ್ಕಿಳಿದೆ.

ಹೋದ ವರ್ಷ ಮೇಷ್ಟ್ರು ಪರೇಲಿನ ಆಸ್ಪತ್ರೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ ಮಲಗಿದ್ದರು. ನೋಡಲು ಬಂದವರು ಮುಖ ತಿರುಗಿಸುತ್ತಿದ್ದರು. ನಾನು ಆ ಹೆಬ್ಬೆರಳನ್ನು ಹಿಡಿದು ಕೂತಿದ್ದೆ. ಭಯವಾಗಲಿಲ್ಲ, ಉಸಿರಾಡುತ್ತಿದ್ದಾರಲ್ಲ, ಅಷ್ಟು ಸಾಕಿತ್ತು.

ಮರುದಿನ ಅವರನ್ನು ಮನೆಗೆ ತಂದರು. ಹಿರಿಯರೊಬ್ಬರು ಪದ್ಧತಿಯಂತೆ ಗದ್ದಕ್ಕೆ ಬಿಳಿ ಬಟ್ಟೆ ಸುತ್ತಿ, ನೆತ್ತಿಯ ಮೇಲೆ ಗಂಟು ಹಾಕಿ, ಬಾಯಿ ಮುಚ್ಚಿಸಿದ್ದರು. "ಎಷ್ಟು ಶಾಂತವಾಗಿದ್ದಾರೆ ನೋಡಿ" ಎಂದು ಯಾರೋ ಅಂದರು.

ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಸೆರಗಿನಿಂದ ಕಣ್ಣೊತ್ತಿಕೊಂಡು, "ಆ ಬಟ್ಟಿ ಯಾರರೆ ಬಿಚ್ಚ್ರಿ" ಎಂದಳು.