ಜವಳಿಗೆ ಹೋಗಿ ಈರುಳ್ಳಿ ತಂದದ್ದು

ನಾನು ಇಂಗ್ಲಿಷಿನಲ್ಲಿ ಜನರನ್ನು ನಗಿಸಿ ಹೊಟ್ಟೆ ಹೊರೆಯುವವಳು. ನಗಿಸುತ್ತೇನೆ ಎನ್ನುವುದೂ ಪೂರ್ತಿ ನಿಜವಲ್ಲ. ನನ್ನ ಬಗೆಯ ಸ್ಟ್ಯಾಂಡಪ್ ಕಾಮಿಡಿಗೆ ಬಲ್ಲವರು ಪ್ರಾಯೋಗಿಕ ಎಂದು ಹೆಸರಿಟ್ಟಿದ್ದಾರೆ. ಅಂದರೆ, ಒಂದು ಗಂಟೆ ಹೊತ್ತು ಒಂದೇ ಸಂಗತಿ ಹೇಳುತ್ತೇನೆ. ನಡುವೆ ಜೋಕು ಇರುವುದಿಲ್ಲ, ಎಲ್ಲಿ ನಗಬೇಕು ಎಂದು ತೋರಿಸಿಕೊಡುವುದೂ ಇಲ್ಲ. ಬೆಂಗಳೂರಿನ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ಮೊದಮೊದಲು ಹೀಗೆ ಮಾತಾಡುತ್ತಿದ್ದಾಗ, ಅರ್ಧ ಗಂಟೆ ಕಳೆದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಹಳ ಸೌಜನ್ಯದಿಂದ, ಕಾರ್ಯಕ್ರಮ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಕೇಳಿದರು. ಇನ್ನೇನು ಶುರುವಾಗುತ್ತದೆ, ಕೂತಿರಿ ಎಂದೆ. ಪಾಪ, ಕೊನೆಯವರೆಗೂ ಕೂತಿದ್ದರು.

ವೇದಿಕೆಯ ಮೇಲೆ ಮೊರದ ತುಂಬ ಈರುಳ್ಳಿ ಇಟ್ಟುಕೊಂಡು ಹೆಚ್ಚುತ್ತ ಮಾತಾಡುವುದು ಆಮೇಲೆ ಹೊಳೆದದ್ದು. ನಗಿಸಲು ಆಗದಿದ್ದರೆ ಅಳಿಸಿಯಾದರೂ ಕಳಿಸುತ್ತೇನೆ ಎಂದು ಶುರು ಮಾಡುತ್ತಿದ್ದೆ. ನಮ್ಮ ಚಳ್ಳಕೆರೆ ಸೀಮೆಯ ಈರುಳ್ಳಿ ಕೊನೆಯ ಸಾಲಿನವರನ್ನೂ ಬಿಡುತ್ತಿರಲಿಲ್ಲ. ಜನ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು. ಅಲ್ಲಿಂದ ನನ್ನ ಬಂಡಿ ಓಡಿತು.

ಇಂಗ್ಲಿಷೇ ಯಾಕೆ ಎಂದು ಊರ ಕಡೆಯವರು ಕೇಳುತ್ತಾರೆ. ಮನೆಯವರ ಮೇಲೆ ಆಡಿಕೊಳ್ಳಲು ಅದಕ್ಕಿಂತ ಭದ್ರವಾದ ಭಾಷೆ ನನಗೆ ಸಿಗಲಿಲ್ಲ. ಅಪ್ಪ ಅವ್ವ ಇರುವುದು ಪರಶುರಾಂಪುರದ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಆಂಧ್ರದ ಕಡೆಯ ನೆಂಟರು ಬಂದರೆ ತೆಲುಗು. ಇಂಗ್ಲಿಷ್ ಬಂದದ್ದು ನನ್ನೊಬ್ಬಳಿಗೆ. ನಾನು ಏನು ಹೇಳಿದರೂ ಅದು ತುಮಕೂರು ದಾಟಿ ಆಚೆ ಹೋಗುವುದಿಲ್ಲ ಎಂದು ನಂಬಿದ್ದೆ.

ನಾನು ಹೇಳುತ್ತಿದ್ದ ಒಂದು ಗಂಟೆಯ ಕತೆ ಅವ್ವನದು. ನನಗೆ ಮದುವೆ ಗೊತ್ತಾಗಿತ್ತು. ನಮ್ಮ ಮನೆಗಳಲ್ಲಿ ಧಾರೆ ಸೀರೆಯನ್ನು ಹೆಣ್ಣಿನ ತಾಯಿಯೇ ಹೋಗಿ ತರಬೇಕು. ಮದುವೆ ಜವಳಿಗೆಂದು ಮನೆ ಬಿಟ್ಟವರು ಸೀರೆ ಇಲ್ಲದೆ ಬಂದರೆ ಆ ಮದುವೆಗೆ ಕೇಡು ಎನ್ನುತ್ತಾರೆ. ಮೊಳಕಾಲ್ಮೂರಿನ ಒಂದು ಮಗ್ಗದ ಮನೆಗೆ ಮೊದಲೇ ಹೇಳಿ ನೇಯಿಸಿದ್ದರು. ಅವ್ವ ಬೆಳಿಗ್ಗೆ ಬಸ್ ಹತ್ತಿ ಹೋದಳು, ಸಂಜೆ ಬಂದಳು. ಸೀರೆ ಇಲ್ಲ. ಕೈಯಲ್ಲಿ ಚಳ್ಳಕೆರೆ ಮಾರ್ಕೆಟ್ಟಿನ ಒಂದು ಚೀಲ ಈರುಳ್ಳಿ! ಆ ವರ್ಷ ನಮ್ಮ ಹಿತ್ತಲಲ್ಲೇ ಈರುಳ್ಳಿ ರಾಶಿ ಬಿದ್ದಿತ್ತು. ಕೇಳಿದರೆ, “ಸೆರಗಿನಾಗ ಎಳೆ ಕಿತ್ತಿತ್ತು, ಅಂಥದ್ದನ್ನ ಧಾರೆಗೆ ಹೆಂಗೆ ತರ್ಲಿ? ಬರಿಗೈಲಿ ಬರಬಾರದು ಅಂತ ಇದನ್ನ ತಂದೆ” ಅಂದಳು.

ಹೋದ ಪುಟ್ಟ ಬಂದ ಪುಟ್ಟ ಎಂದು ಊರೆಲ್ಲ ನಕ್ಕಿತು. ಗಂಡಿನ ಕಡೆಯ ಹಿರಿಯರು ನಗಲಿಲ್ಲ. ಧಾರೆ ಸೀರೆಯಲ್ಲೇ ಎಳೆ ಕಿತ್ತಿದೆ ಎಂದರೆ ಶಕುನ ಸರಿಯಿಲ್ಲ ಎಂದು ಹಿಂದೆ ಸರಿದರು. ಅಪ್ಪ ಅವರ ಮನೆಗೆ ಹೋಗಿ ಕೈ ಮುಗಿದು ಬಂದರು, ಆಗಲಿಲ್ಲ. ಅವತ್ತಿನಿಂದ ಅಪ್ಪನಿಗೆ ಆ ಮಗ್ಗದ ಮನೆ ಅಂದರೆ ಆಗದು. ಸಿಕ್ಕವರಿಗೆಲ್ಲ ಅಲ್ಲಿ ಸೀರೆ ತೆಗೆಯಬೇಡಿ ಎಂದು ಹೇಳುತ್ತಿದ್ದರು. ಅವ್ವ ತಲೆ ತಗ್ಗಿಸಿ ಮುದ್ದೆ ಕಟ್ಟುತ್ತಿದ್ದಳು. ನಾನು ಸ್ಪೋಕನ್ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದು ಬೆಂಗಳೂರಿಗೆ ಹೊರಟೆ. ಕಲಿಯಲು ಬಂದವರನ್ನು ನಿದ್ದೆ ಹೋಗದಂತೆ ನೋಡಿಕೊಳ್ಳಲು ಈ ಕತೆ ಹೇಳುತ್ತಿದ್ದೆ. ಅದೇ ಬೆಳೆದು ಕಸುಬಾಯಿತು.

ಹೋದ ವರ್ಷ ಯಾರೋ ಪುಣ್ಯಾತ್ಮರು ಆ ಪ್ರದರ್ಶನದ ತುಣುಕೊಂದಕ್ಕೆ ಕೆಳಗೆ ಕನ್ನಡ ಸಾಲು ಹಾಕಿ ಹರಿಯಬಿಟ್ಟರು. ಅದು ತುಮಕೂರು, ಹಿರಿಯೂರು ಎಲ್ಲ ದಾಟಿ ನಮ್ಮ ದೊಡ್ಡವ್ವನ ಫೋನಿಗೆ ಹೋಯಿತು. ದೊಡ್ಡವ್ವ ಅದನ್ನು ಅವ್ವನಿಗೆ ಓದಿ ಹೇಳಿದಳು. ಮಾರನೆಯ ಬೆಳಿಗ್ಗೆ ಅವ್ವನ ಫೋನು.

“ಆ ಸೀರೆ ಕತೆ ಬಿಟ್ಬಿಡು,” ಅಂದಳು. ಯಾಕೆಂದು ಕೇಳುವ ಮೊದಲೇ ಫೋನು ಇಟ್ಟಳು.

ಬಿಡುವುದು ಹೇಗೆ? ಅದೇ ಹೊತ್ತಿಗೆ ಮೊದಲ ಸಲ ಒಂದು ದೊಡ್ಡ ರಂಗಮಂದಿರದಿಂದ ಕರೆ ಬಂದಿತ್ತು, ಇದೇ ಕತೆ ಬೇಕೆಂದು ಕೇಳಿದ್ದರು. ಇದೊಂದನ್ನು ಕೂಡಿಸಲು ನನಗೆ ವರ್ಷಗಳೇ ಹಿಡಿದಿದ್ದವು. ಇದನ್ನು ಬಿಟ್ಟರೆ ನನ್ನ ಹತ್ತಿರ ಈರುಳ್ಳಿ ಮಾತ್ರ ಉಳಿಯುತ್ತದೆ. ಸಿಟ್ಟು ಬಂತು. ಮುಖ ನೋಡಿಯೇ ಕೇಳೋಣ ಎಂದು ಊರಿಗೆ ಹೊರಟೆ.

ಮಧ್ಯಾಹ್ನದ ಹೊತ್ತು, ಅಪ್ಪ ಹೊಲಕ್ಕೆ ಹೋಗಿದ್ದರು. ಅವ್ವ ಜಗಲಿಯಲ್ಲಿ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಎದುರು ಕೂತು ನಾಲ್ಕು ಕಾಯಿ ಸುಲಿದೆ, ಎರಡನ್ನು ತಿಂದೆ. “ಬೀಜದ್ದು ಕಣೇ ಅದು,” ಅಂದಳು.

“ನಿನ್ನ ಮೇಲೆ ಆಡಿಕೊಂಡೆ ಅಂತ ಬೇಜಾರಾ?”

“ನೀನು ಅಲ್ಲಿ ಹೇಳೋದನ್ನ ನಂಗೂ ಹೇಳು. ಹಂಗೇ ಹೇಳು, ಏನೂ ಬಿಡಬೇಡ. ನಾನು ಹೂಂಗುಡ್ತೀನಿ.”

ನಮ್ಮ ಕಡೆ ಹೂಂಗುಡುವವರಿಲ್ಲದೆ ಯಾರೂ ಕತೆ ಹೇಳುವುದಿಲ್ಲ. ಒಂದೊಂದು ಮಾತಿಗೂ ಕೇಳುವವರು ಹ್ಞೂಂ ಅನ್ನಬೇಕು, ಆಗಲೇ ಮುಂದಿನ ಮಾತು. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಕಟ್ಟಳೆಯಿತ್ತು. ಸುಳ್ಳು ಕಂಡ ಕಡೆ ಹೂಂಗುಡುವವರು ಬಾಯಿ ಮುಚ್ಚಬಹುದು. ಆಗ ಹೇಳುವವರು ಹಿಂದೆ ಹೋಗಿ ಸರಿಮಾಡಿಕೊಂಡು ಬರಬೇಕು. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಯಾರ ಹ್ಞೂಂ ಇಲ್ಲದೆ ಹೇಳಿದವಳು ಅವತ್ತು ಇನ್ನೆರಡು ಕಾಯಿ ಸುಲಿದು ಹೊತ್ತು ಕಳೆದೆ.

ಹೇಳಿದೆ. ಅವಳು ಜಿಪುಣಿ ಅಂದೆ, ಹ್ಞೂಂ ಅಂದಳು. ಬಸ್ಸಿನಲ್ಲಿ ಪಕ್ಕದವರ ಭುಜದ ಮೇಲೆ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆದಳು ಅಂದೆ, ಅದಕ್ಕೂ ಹ್ಞೂಂ. ಮಗ್ಗದ ಮನೆಯಾಕೆ ತೆಲುಗಿನಲ್ಲಿ “ಬಾಗುಂದಾ ಅಕ್ಕಾ?”, ಸೀರೆ ಚೆನ್ನಾಗಿದೆಯಾ ಎಂದು ಕೇಳಿದಂತೆ ರಾಗ ಎಳೆದಾಗ ಕಾಯಿ ಕೆಳಗಿಟ್ಟು ನಕ್ಕಳು. “ಹಿಂಗೇ ಅಂದ್ಲು ಆಕೆ, ಥೇಟು ಹಿಂಗೇ. ನಾನೇ ನಿಂಗೆ ಹೇಳಿದ್ದೆ ಅಲ್ವಾ?” ನನಗೆ ಧೈರ್ಯ ಬಂತು. ಅಷ್ಟು ವರ್ಷದಲ್ಲಿ ಅಂಥ ಪ್ರೇಕ್ಷಕಿ ನನಗೆ ಸಿಕ್ಕಿರಲಿಲ್ಲ.

“ಸೀರೆ ಬಿಚ್ಚಿ ನೋಡಿದರೆ ಸೆರಗಿನಲ್ಲಿ ಒಂದು ಎಳೆ ಕಿತ್ತಿತ್ತು,” ಅಂದೆ.

ಅವ್ವ ಸುಮ್ಮನಾದಳು. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ. ಕಾಯಿ ಒಡೆಯುವ ಸದ್ದು ಮಾತ್ರ.

“ಹ್ಞೂಂ ಅನ್ನವ್ವ.”

“ಹೆಂಗೆ ಅನ್ಲಿ? ಎಳೆ ಕಿತ್ತಿರಲಿಲ್ಲ.”

ನಾನು ಅವಳನ್ನೇ ನೋಡಿದೆ. ಅವಳು ಮೊರದ ಕಡೆ ನೋಡುತ್ತ ಹೇಳಿದಳು. “ಸೀರೆ ಚಿನ್ನದಂಗಿತ್ತು. ಮಡಿಲಾಗ ಇಟ್ಕೊಂಡು ಬಾಳ ಹೊತ್ತು ಕೂತಿದ್ದೆ. ಆಮ್ಯಾಲೆ, ಬೇರೆ ಯಾರಿಗಾದ್ರೂ ಕೊಟ್ಬಿಡವ್ವ ಅಂತ ಹೇಳಿ ಎದ್ದು ಬಂದೆ.”

“ಯಾಕೆ?”

“ಯಾಕೆ ಅಂತ ಕೇಳ್ತೀಯಲ್ಲ! ಬೀಗತಿ ಬಂದಾಗ ಏನಂದ್ಲು? ಹುಡುಗಿ ಮಾತು ಜಾಸ್ತಿ, ಮದುವೆ ಆದ್ಮ್ಯಾಲೆ ಸರಿ ಹೋಗ್ತಾಳೆ ಅಂದ್ಲು. ಅವತ್ತಿಂದ ನೀನು ಮಾತು ಬಿಟ್ಟೆ. ಬ್ಯಾಡ ಅಂತಾನೂ ಅನ್ಲಿಲ್ಲ. ಉಂಡ್ಯಾ ಅಂದ್ರೆ ತಲೆ ಆಡಿಸೋಳು. ನಾನು ಬಾಯಿ ಬಿಟ್ಟು ಈ ಮದುವೆ ಬ್ಯಾಡ ಅಂದಿದ್ರೆ ನಿಮ್ಮಪ್ಪ ಕೇಳ್ತಿದ್ರಾ? ಶಕುನ ಅಂದ್ರೆ ಎಲ್ಲಾರೂ ಕೇಳ್ತಾರೆ.”

ನನಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ವರ್ಷ ಹೇಳದೆ, ನಾನು ಊರೂರಲ್ಲಿ ಇವಳನ್ನು ಪೆದ್ದಿ ಮಾಡಿಕೊಂಡು ತಿರುಗುವ ಹಾಗೆ ಮಾಡಿದಳಲ್ಲ ಎಂದು. ಆಮೇಲೆ ಸಿಟ್ಟು ನಿಲ್ಲಲಿಲ್ಲ, ಅಳು ಬಂತು. ಅವ್ವನನ್ನು ಅಷ್ಟು ಪ್ರೀತಿಸಿದ ಗಳಿಗೆ ನನಗೆ ಬೇರೆ ನೆನಪಿಲ್ಲ.

“ಅಳಬ್ಯಾಡ,” ಅಂದಳು. “ನನ್ನ ಎಷ್ಟು ಬೇಕಾದ್ರೂ ಆಡ್ಕೋ. ನಿಮ್ಮಪ್ಪ ಆ ಮಗ್ಗದ ಮನೆಯೋರನ್ನ ಬಯ್ಯೋದೇ ನಂಗೆ ಸಂಕಟ. ಈಗ ನೀನು ದೇಶಕ್ಕೆಲ್ಲ ಹೇಳ್ತೀಯಾ, ಅವ್ರ ನೇಯ್ಗೇಲಿ ಎಳೆ ಕಿತ್ತಿತ್ತು ಅಂತ. ಅದು ನಾನು ಹುಟ್ಟಿಸಿದ ಸುಳ್ಳು. ಅದಕ್ಕೆ ಹ್ಞೂಂ ಅನ್ನೋಕೆ ನಂಗಾಗಲ್ಲ.”

ಸುಳ್ಳನ್ನು ತೆಗೆದರೆ ನಿಜ ಹೇಳಬೇಕು. ನಿಜ ಹೇಳಿದರೆ ಅದು ಅಪ್ಪನ ಕಿವಿಗೂ ಬೀಳುತ್ತದೆ. ಗಂಡಿನ ಮನೆಯವರ ಮುಂದೆ ಕೈ ಮುಗಿದು ನಿಂತ ಮನುಷ್ಯ ಅವರು. ಹಾಗಾದರೆ ಕತೆಯನ್ನೇ ಬಿಡುತ್ತೇನೆ ಎಂದೆ. ಒಲ್ಲದ ಮನಸ್ಸಿನಿಂದಲೇ ಎಂದೆ, ಅದು ಅವಳಿಗೂ ಗೊತ್ತಾಯಿತು.

“ಈಗ್ಲೇ ಬಿಡಬ್ಯಾಡ. ನಿಮ್ಮಪ್ಪಂಗೆ ನಾನೇ ಹೇಳ್ತೀನಿ. ಬೇರೆಯೋರ ಬಾಯಿಂದ ಕೇಳಬಾರದು ಅವ್ರು,” ಅಂದಳು.

ನಾನು ಬೆಂಗಳೂರಿಗೆ ವಾಪಸು ಬಂದೆ. ರಂಗಮಂದಿರದವರು ಫೋನು ಮಾಡಿದಾಗಲೆಲ್ಲ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಈ ವಯಸ್ಸಿನಲ್ಲಿ ಮನೆಯಲ್ಲಿ ಕೇಳುವವಳು ಎಂದು ಅವರು ನಕ್ಕಿರಬೇಕು. ಅದಕ್ಕೆ ಮಾತ್ರ ಎಲ್ಲಿ ನಗಬೇಕು ಎಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ನಾನು ಸರಿಯಾಗಿ ಊಟ ಮಾಡಲಿಲ್ಲ. ಈ ಇಳಿವಯಸ್ಸಿನಲ್ಲಿ ಅಪ್ಪ ಅವ್ವರ ನಡುವೆ ನನ್ನ ಕಸುಬು ಬೆಂಕಿ ಹಾಕುತ್ತದೇನೋ ಎಂದು ಹೆದರಿದ್ದೆ.

ಕೊನೆಗೆ ಅವ್ವನ ಫೋನು ಬಂತು.

“ಹೇಳಿದೆ ಕಣೇ.”

“ಅಪ್ಪ ಏನಂದ್ರು?”

“ಏನೂ ಅನ್ಲಿಲ್ಲ. ಎದ್ದು ಹೊಲದ ಕಡೆ ಹೋದ್ರು. ಒಂದೆರಡು ದಿನ ಮಾತಿಲ್ಲ ಕತೆಯಿಲ್ಲ. ಇವತ್ತು ಉಣ್ತಾ ಇದ್ದೋರು ತಲೆ ಎತ್ತಿ, ಆ ಸೀರೆ ಯಾವ ಬಣ್ಣ ಇತ್ತು ಅಂತ ಕೇಳಿದ್ರು. ಹೇಳಿದೆ. ಆಮ್ಯಾಲೆ, ಮೊಳಕಾಲ್ಮೂರಿಗೆ ಹೋಗಿ ಆ ಮನೆಯೋರ ಹತ್ರ ಒಂದು ಮಾತು ಆಡಿ ಬರೋಣ ನಡಿ ಅಂದ್ರು. ಸೋಮವಾರ ಹೋಗ್ತೀವಿ. ಇನ್ನು ನೀನು ಇದ್ದದ್ದು ಇದ್ದಂಗೆ ಹೇಳ್ಕೋ.”

ರಂಗಮಂದಿರದ ಯೋಚನೆ ನನಗೆ ಆಗ ಬರಲಿಲ್ಲ. ಇಷ್ಟು ವರ್ಷ ಆ ಸೀರೆಯ ಮೇಲೆ ಗಂಟೆಗಟ್ಟಲೆ ಮಾತಾಡಿದ್ದೆ. ಅಪ್ಪ ಕೇಳಿದ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ.

“ಯಾವ ಬಣ್ಣ ಇತ್ತವ್ವ?”

“ಬದನೆ ಹೂವಿನ ಬಣ್ಣ. ಹಸಿರು ಅಂಚು,” ಅಂದಳು ಅವ್ವ. ಫೋನು ಇಡುವ ಮುಂಚೆ, “ನಿಂಗೆ ಬಾಳ ಒಪ್ತಿತ್ತು ಕಣೇ,” ಅಂದಳು.