ಹಳದಿ ಪಿನ್ನು

ಇವತ್ತು ಫರೀದಾಬಾದಿನ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಭಯ್ಯಾ ನನ್ನ ಕಾರಿನಲ್ಲಿ ಹಾಡು, ಸಿನಿಮಾ ಹಾಕುವ ಕಂಪ್ಯೂಟರನ್ನು ಹಳೆಯ ಪುಟ್ಟ ಪರದೆಯೊಂದಕ್ಕೆ ಜೋಡಿಸುತ್ತಿದ್ದ. ವೈರಿನ ಹಳದಿ ಪಿನ್ನನ್ನು ಅಂಗಿಯ ತುದಿಯಲ್ಲಿ ಒರೆಸಿ ಸಿಕ್ಕಿಸಿದ. ಅಪ್ಪನೂ ಹಾಗೆಯೇ ಒರೆಸುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಉಳಿದವರು ನಾವಿಬ್ಬರೇ. ಒಂದು ಭಾನುವಾರ ಅಪ್ಪ ನನ್ನ ಹುಟ್ಟುಹಬ್ಬದ ಕ್ಯಾಸೆಟ್ ನೋಡಲೆಂದು ವಿಸಿಆರಿನ ವೈರುಗಳನ್ನು ಟಿವಿಗೆ ಸಿಕ್ಕಿಸಿದರು. ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ. ಟಿವಿಯೊಳಗಿಂದ ಅಮ್ಮ, "ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದಳು. ಅಪ್ಪ "ಬಂದೆ" ಎನ್ನುತ್ತ ಎದ್ದು ಅಡುಗೆಮನೆಯ ಕಡೆ ನಡೆದೇಬಿಟ್ಟರು. ಹೊಸ್ತಿಲಲ್ಲಿ ನಿಂತವರು ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಆಮೇಲೂ ಎಷ್ಟೋ ಭಾನುವಾರ ಆ ಕ್ಯಾಸೆಟ್ ನೋಡಿದೆವು. ಅಪ್ಪ ಹಳದಿ ಪಿನ್ನನ್ನು ಮಾತ್ರ ಸಿಕ್ಕಿಸುತ್ತಿದ್ದರು.

"ಅಪ್ಪಾ, ಆವಾಜ್?" ಎಂದು ಧ್ವನಿಯ ಪಿನ್ನು ತೋರಿಸಿ ಕೇಳಿದರೆ, "ಬೇಡ ಮಗಳೇ, ಚಿತ್ರ ಸಾಕು" ಎನ್ನುತ್ತಿದ್ದರು. ಅಮ್ಮನ ತುಟಿ ಅಲುಗುತ್ತಿತ್ತು. ನಮಗೆ ಕೇಳುತ್ತಿದ್ದುದು ಮೇಲಿನ ಫ್ಯಾನಿನ ಸದ್ದು.

ಕಾರಿನ ಪರದೆ ಬೆಳಗಿತು. "ಮೇಡಂ, ಆವಾಜ್ ಭೀ ಲಗಾ ದೂಂ?" ಎಂದು ಭಯ್ಯಾ ಬಿಳಿ ಪಿನ್ನು ಎತ್ತಿ ತೋರಿಸಿದ.

"ಬೇಡ, ಚಿತ್ರ ಸಾಕು" ಎಂದೆ, ಕನ್ನಡದಲ್ಲೇ. ಅವನು ಬಿಳಿ ಪಿನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತ.