ಬ್ರೇಕಿನ ಮೇಲಿನ ಕಾಲು

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಅವಳನ್ನು ಮಕ್ಕಳು ‘ಬಸ್ ಮಿಸ್’ ಎಂದೇ ಕರೆಯುತ್ತಿದ್ದರು. ‘ಬಸ್ ಮಿಸ್ ಇದ್ರೆ ಬಸ್ ಮಿಸ್ಸಾಗಲ್ಲ’ ಎಂಬ ಅವರ ತಮಾಷೆ ಹಳಸಿ ಹಳಸಿ ಕೊನೆಗೆ ಅಪ್ಪ ಅಮ್ಮಂದಿರ ಬಾಯಲ್ಲೂ ಓಡಾಡಿತು. ಅವಳ ಬಸ್ಸಿನಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ಕಿಟಕಿಯಿಂದ ಒಂದು ಬೆರಳು ಆಚೆ ಬಂದರೂ ಬಸ್ಸು ನಿಲ್ಲುತ್ತಿತ್ತು. ಒಮ್ಮೆ ಹೆಡ್‌ಮಾಸ್ತರರೇ ಬಾಗಿಲ ಮೆಟ್ಟಿಲ ಮೇಲೆ ನಿಂತು ಹೊರಟಾಗ, “ಸಾರ್, ಕೂತ್ಕೊಳ್ಳಿ, ಇಲ್ಲಾಂದ್ರೆ ಇಳೀರಿ” ಎಂದು ಇಂಜಿನ್ ಆರಿಸಿ ಕೈಕಟ್ಟಿ ಕೂತವಳು.

ನಿವೃತ್ತಿಯಾದ ಮೇಲೆ ಒಂದು ಹಳೆಯ ಡೀಸೆಲ್ ಜೀಪು, ಅದರ ಹಿಂದೆ ಕಟ್ಟಿ ಎಳೆಯುವ ಒಂದು ಟ್ರೈಲರು ಕೊಂಡಳು. ಒಳಗೆ ಎರಡು ಮಂಚ, ಒಂದು ಸ್ಟೌ, ಬೋಗುಣಿಯಷ್ಟು ಸಿಂಕು. ಅವಳ ಗಂಡ ಅದಕ್ಕೆ ‘ಗಾಡಿಮನೆ’ ಎಂದು ಹೆಸರಿಟ್ಟ. ಅವನದು ಗಡಿಯಾರ ರಿಪೇರಿಯ ಕಸುಬು. ಕೈ ಸ್ಥಿರ, ನಡೆ ನಿಧಾನ, ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ. ಜೀವನದಲ್ಲಿ ಯಾವುದಕ್ಕೂ ಅವಸರ ಮಾಡಿದವನಲ್ಲ.

ಮೊದಲ ದೂರದ ಪ್ರಯಾಣಕ್ಕೆ ಗಂಡನ ತಂಗಿಯೂ ಬಂದಳು. ಈ ನಾದಿನಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನ ಎಲ್ಲರಿಗೂ ನಗುತ್ತ ಸ್ಟಾಂಪು ಕೊಡುವವಳು. ಅತ್ತಿಗೆಯನ್ನು ಕಂಡರೆ ಮಾತ್ರ ಎಣ್ಣೆ ಸೀಗೆಕಾಯಿ.

ಮೂರನೇ ದಿನ ಬೆಟ್ಟದ ದಾರಿ ಶುರುವಾಯಿತು. ಬೆಟ್ಟ ದಾಟಿದರೆ ಆಚೆ ಕೆರೆ, ಅಲ್ಲಿ ನಾಲ್ಕು ದಿನ ತಂಗುವುದೆಂದು ಲೆಕ್ಕ. ನಾಲ್ಕನೇ ತಿರುವಿಗೇ ನಾದಿನಿಯ ಮುಖ ಬಿಳಿಚಿತು.

“ಅತ್ತಿಗೆ, ನನ್ನನ್ನ ಹಿಂದೆ ಗಾಡಿಮನೇಲಿ ಮಲಗಿಸಿಬಿಡಿ. ಇನ್ನೊಂದು ತಿರುವು ಬಂದ್ರೆ ಕರುಳೇ ಬಾಯಿಗೆ ಬರುತ್ತೆ.”

“ಓಡೋ ಟ್ರೈಲರ್‌ನಲ್ಲಿ ಜನ ಇರಬಾರದು. ಬೇಡ.”

“ಮಲಗೋಕಲ್ವಾ ಅದಕ್ಕೆ ಮಂಚ ಹಾಕಿಸಿರೋದು?”

“ಬೇಡ ಅಂದೆ.”

“ಬಸ್ಸಿನ ಮಕ್ಕಳ ಮೇಲಿರೋ ಕರುಣೆ ಮನೆಯವರ ಮೇಲಿಲ್ಲ ಬಿಡಿ.”

ಆ ಮಾತು ನಾಟಿತು. ಅವಳು ಜೀಪು ನಿಲ್ಲಿಸಿ ಇಳಿದು ಗಾಡಿಮನೆಯ ಬಾಗಿಲು ತೆಗೆದಳು. “ಹತ್ತೇ ನಿಮಿಷ. ತುದಿ ಮುಟ್ಟಿದ ತಕ್ಷಣ ಮುಂದೆ ಬರಬೇಕು” ಎಂದಳು. ನಾದಿನಿ ಒಳಗೆ ಹೋಗಿ ಹಿಂದಿನ ಮಂಚದ ಮೇಲೆ ಉರುಳಿಕೊಂಡಳು.

ಆರು ನಿಮಿಷ ಕಳೆದಿರಬಹುದು. ರಸ್ತೆಗೆ ಹೊಸದಾಗಿ ಜಲ್ಲಿ ಸುರಿದು ಹಾಗೇ ಬಿಟ್ಟಿದ್ದ ಕಡಿದಾದ ಏರು. ಎಡಕ್ಕೆ ಪ್ರಪಾತ, ತಡೆಗೋಡೆ ಇಲ್ಲ. ಜೀಪಿನ ಹೊಟ್ಟೆಯಡಿ ಕಬ್ಬಿಣ ಮುರಿದ ಸದ್ದಾಯಿತು. ಇಂಜಿನ್ ಕಿರುಚಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಚಕ್ರಕ್ಕೆ ಬಲ ಕೊಡುವ ಶಾಫ್ಟು ತುಂಡಾಗಿದೆ ಎಂದು ಅವಳಿಗೆ ಸದ್ದಿನಿಂದಲೇ ಗೊತ್ತಾಯಿತು. ಆ ಜೀಪಿನಲ್ಲಿ ಗೇರೂ ಹ್ಯಾಂಡ್‌ಬ್ರೇಕೂ ಗಾಡಿಯನ್ನು ಹಿಡಿಯುತ್ತಿದ್ದುದು ಅದೇ ಶಾಫ್ಟಿನ ಮೂಲಕ. ಈಗ ಎರಡೂ ಇದ್ದೂ ಇಲ್ಲದ ಹಾಗೆ. ಗಾಡಿಮನೆಗಂತೂ ತನ್ನದೇ ಬ್ರೇಕು ಇರಲೇ ಇಲ್ಲ. ಉಳಿದದ್ದು ಅವಳ ಬಲಗಾಲು ಒಂದೇ.

ಅವಳು ಬ್ರೇಕನ್ನು ಅದುಮಿದಳು. ಚಕ್ರಗಳು ಹಿಡಿದುಕೊಂಡವು, ಆದರೆ ಅವುಗಳಡಿಯ ಜಲ್ಲಿ ಜಾರಿತು. ಹಿಂದಿನ ಭಾರ ಜೀಪನ್ನು ಮೊಳದಷ್ಟು ಕೆಳಕ್ಕೆ ಎಳೆದು ನಿಂತಿತು. ಕನ್ನಡಿಯಲ್ಲಿ ನೋಡಿದಳು. ಗಾಡಿಮನೆಯ ಹಿಂಭಾಗ ಸೊಟ್ಟಗೆ ತಿರುಗಿ ಪ್ರಪಾತದ ಕಡೆಗೆ ವಾಲಿತ್ತು. ಅದರ ಬಾಗಿಲು ಇದ್ದದ್ದೂ ಆ ಕಡೆಗೇ.

“ರೀ! ಕಲ್ಲು! ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಡಿ!”

ಗಂಡ ಅವಳ ತುಟಿ ನೋಡಿ ಅರ್ಥ ಮಾಡಿಕೊಂಡು ಇಳಿದ. ಬಲಗಡೆ ಬೆಟ್ಟದ ಬುಡದಲ್ಲಿ ಕಲ್ಲುಗಳು ಬಿದ್ದಿದ್ದವು. ಅವನು ಒಂದನ್ನು ಎತ್ತಿ ತಿರುಗಿಸಿ ನೋಡಿದ, ಬದಿಗಿಟ್ಟ, ಇನ್ನೊಂದನ್ನು ಎತ್ತಿದ. ಕೂಗಿದರೆ ಅವನಿಗೆ ಕೇಳದು; ಇಳಿಯೋಣವೆಂದರೆ ಕಾಲು ತೆಗೆಯುವಂತಿಲ್ಲ.

ಸೀಟಿನ ಮೇಲಿದ್ದ ಫೋನು ಬಡಿದುಕೊಂಡಿತು. ನಾದಿನಿ.

“ಅತ್ತಿಗೆ, ಯಾಕೆ ನಿಲ್ಲಿಸಿದ್ರಿ? ತುದಿ ಬಂತಾ?”

“ಕೇಳು. ಬಾಗಿಲ ಹತ್ತಿರ ಹೋಗ್ಬೇಡ. ಎದ್ದು ಓಡ್ಬೇಡ. ಮೆಲ್ಲಗೆ ಅಂಬೆಗಾಲಿಟ್ಟು ಮುಂದಿನ ಮಂಚಕ್ಕೆ ಬಾ.”

“ಏನಾಯ್ತು?”

“ಗಾಡಿ ಕೆಟ್ಟಿದೆ. ಹೇಳಿದಷ್ಟು ಮಾಡು, ಪುಟ್ಟೀ.”

ಪುಟ್ಟಿ ಎಂದು ನಾದಿನಿಯನ್ನು ಕರೆಯುತ್ತಿದ್ದುದು ಅವಳ ಅಣ್ಣ ಮಾತ್ರ. ಆ ಕಡೆ ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಪಾತ್ರೆಯೊಂದು ಉರುಳಿದ ಸದ್ದಾಯಿತು, ಜೀಪು ಮತ್ತೆ ಗೇಣು ಜಾರಿತು. ಇಂಜಿನ್ ಆರಿಸಿದರೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗಿ ಅದುಮಲಾಗುವುದಿಲ್ಲವೆಂದು ಇಂಜಿನ್ನನ್ನು ಹಾಗೇ ಓಡಲು ಬಿಟ್ಟಿದ್ದಳು. ಇಂಧನದ ಮುಳ್ಳಿನ ಕಡೆಗೆ ನೋಡಲಿಲ್ಲ.

ಗಂಡ ಕೊನೆಗೂ ಆರಿಸಿದ ಕಲ್ಲುಗಳನ್ನು ಹೊತ್ತು ಕಿಟಕಿಯ ಪಕ್ಕದಲ್ಲೇ ಹಾದುಹೋದ. ಜೀಪಿನ ಚಕ್ರಕ್ಕೊಂದು, ಗಾಡಿಮನೆಯ ಚಕ್ರಕ್ಕೊಂದು. ಮೊಣಕಾಲೂರಿ, ಅಂಗೈಯಿಂದ ಜಲ್ಲಿಯನ್ನು ಬಾಚಿ ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆಯೇ ಕಲ್ಲನ್ನು ಕೂರಿಸಿದ. ಸುಮ್ಮನೆ ಒಗೆದಿದ್ದರೆ ಜಲ್ಲಿಯ ಜೊತೆ ಕಲ್ಲೂ ಜಾರುತ್ತಿತ್ತು. ಅವನ ನಿಧಾನವನ್ನು ಮೂವತ್ತು ವರ್ಷ ಬೈದವಳಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕಾಲಿನ ಕೆಳಗಿನ ಎಳೆತ ಸ್ವಲ್ಪ ಹಗುರಾಯಿತು. ಆದರೂ ಅವಳು ಕಾಲು ತೆಗೆಯಲಿಲ್ಲ.

“ಅತ್ತಿಗೆ, ಮುಂದೆ ಬಂದೆ.”

“ಬೆಟ್ಟದ ಕಡೆ ಕಿಟಕಿ ಇದೆಯಲ್ಲ, ಕೆಳಗಿನ ಎರಡು ಚಿಲಕ ತೆಗೆದು ಆಚೆ ತಳ್ಳು. ನಿಮ್ಮಣ್ಣ ಅಲ್ಲೇ ಇದಾರೆ.”

“ನಾನದ್ರಲ್ಲಿ ತೂರ್ತೀನಾ? ನನ್ನ ಗಾತ್ರ ನೋಡಿದೀರಾ?”

“ಉಸಿರು ಬಿಟ್ಟು ತೂರು!”

ಕನ್ನಡಿಯಲ್ಲಿ ಕಿಟಕಿ ಮೇಲೆದ್ದದ್ದು ಕಂಡಿತು. ಮೊದಲು ಎರಡು ಕೈ, ಆಮೇಲೆ ತಲೆ, ಭುಜ. ಗಂಡ ತಂಗಿಯ ಕಂಕುಳಿಗೆ ಕೈಹಾಕಿ ಎಳೆದ. ಸೊಂಟದ ಬಳಿ ಸಿಕ್ಕಿಕೊಂಡಳು.

ಆಗಲೇ ಕೆಳಗಿನ ತಿರುವಿನಾಚೆ ಲಾರಿಯೊಂದು ಏರುತ್ತಿರುವ ಭಾರವಾದ ಗೊರಗೊರ ಕೇಳಿಸಿತು. ತಿರುವು ಗಾಡಿಮನೆಯಿಂದ ಐವತ್ತು ಹೆಜ್ಜೆಯೂ ಇರಲಿಲ್ಲ. ಅವರಿಬ್ಬರೂ ನಡುರಸ್ತೆಯ ಕಡೆಗೆ ಬಾಗಿದ್ದರು. ಗಂಡನಿಗೆ ಸದ್ದು ಕೇಳಿಸಿರಲಿಲ್ಲ. ಅವಳು ಹಾರ್ನಿನ ಮೇಲೆ ಅಂಗೈ ಒತ್ತಿ ತೆಗೆಯಲೇ ಇಲ್ಲ. ಬೆಟ್ಟ ಕೂಗಿಕೊಂಡಿತು. ನಾದಿನಿ ತಲೆಯೆತ್ತಿ ಕೆಳಗೆ ನೋಡಿದಳು. ಭಯಕ್ಕೋ ಏನೋ ಉಳಿದ ಉಸಿರೆಲ್ಲ ಹೊರಬಂದು, ಒಮ್ಮೆಲೇ ಜಾರಿ ಅಣ್ಣನ ಮೈಮೇಲೆ ಬಿದ್ದಳು. ಇಬ್ಬರೂ ಬೆಟ್ಟದ ಬದಿಯ ಚರಂಡಿಗೆ ಉರುಳಿದರು.

ಲಾರಿ ತಿರುಗಿತು. ಬ್ರೇಕು ಚೀರಿತು, ಜಲ್ಲಿ ಸಿಡಿಯಿತು. ಅದರ ಮೂತಿ ಗಾಡಿಮನೆಗೆ ನಾಲ್ಕು ಮಾರು ದೂರದಲ್ಲಿ ನಿಂತಿತು.

ಲಾರಿಯ ಡ್ರೈವರು ಬೈಯುವುದಕ್ಕೆಂದೇ ಇಳಿದವನು, ನೋಡಿದ ಮೇಲೆ ಬಾಯಿ ಮುಚ್ಚಿಕೊಂಡ. ಚಕ್ರಕ್ಕೆ ಕೊಡುವ ಮರದ ತುಂಡುಗಳನ್ನು ತಂದು ಒದ್ದು ಒದ್ದು ಕೂರಿಸಿದ. ಜೀಪಿನ ಮುಂಭಾಗಕ್ಕೆ ಸರಪಳಿ ಹಾಕಿ ಬೆಟ್ಟದ ಬದಿಯ ಕಾಂಕ್ರೀಟು ಕಂಬಕ್ಕೆ ಬಿಗಿದ. ಆಮೇಲೆ ಕಿಟಕಿಯ ಹತ್ತಿರ ಬಂದ.

“ಅಮ್ಮಾ, ಇನ್ನು ಕಾಲು ತೆಗೀರಿ.”

“ತೆಗೀತೀನಿ” ಎಂದಳು. ಕಾಲು ಬರಲಿಲ್ಲ. ಅವನೇ ಬಗ್ಗಿ ಅವಳ ಪಾದವನ್ನು ಎರಡೂ ಕೈಯಿಂದ ಹಿಡಿದು ಪೆಡಲಿನಿಂದ ಎತ್ತಬೇಕಾಯಿತು.

ಸಂಜೆಯೊಳಗೆ ಜೀಪು ಬೆಟ್ಟದಡಿಯ ಗ್ಯಾರೇಜು ಸೇರಿತು. ಮುದುಕ ಮೆಕ್ಯಾನಿಕ್ಕು ತುಂಡಾದ ಶಾಫ್ಟನ್ನು ಬೆಳಕಿಗೆ ಹಿಡಿದು ತೋರಿಸಿದ. “ಹಳೇ ಬಿರುಕು ಇದು. ಯಾವತ್ತಿದ್ರೂ ಹೋಗ್ತಿತ್ತು. ಆಗ ಟ್ರೈಲರ್‌ನಲ್ಲಿ ಯಾರೂ ಇರ್ಲಿಲ್ಲ ತಾನೆ?”

“ಛೆ ಛೆ, ಖಾಲಿ ಇತ್ತು” ಎಂದಳು ನಾದಿನಿ, ತರಚಿದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ.

“ಇವಳಿದ್ಲು. ಕೂರಿಸಿದ್ದು ನಾನೇ” ಎಂದಳು ಬಸ್ ಮಿಸ್.

ಮೆಕ್ಯಾನಿಕ್ಕು ಅವಳನ್ನೊಮ್ಮೆ ನೋಡಿದ. ಏನೂ ಅನ್ನದೆ ಶಾಫ್ಟನ್ನು ಕೆಳಗಿಟ್ಟು ಕೈ ಒರೆಸಿಕೊಂಡ. ಆ ಮೌನಕ್ಕಿಂತ ಬೈಗುಳವೇ ವಾಸಿ ಎನಿಸಿತು ಅವಳಿಗೆ.

ಹೊರಗೆ ಬಂದ ಮೇಲೆ ನಾದಿನಿ ಸಿಡುಕಿದಳು. “ನಾನು ಮುಚ್ಚಿಡ್ತಿದ್ನಲ್ಲ, ನೀವ್ಯಾಕೆ ಹೇಳೋಕೆ ಹೋದ್ರಿ? ಹಟ ಮಾಡಿದ್ದು ನಾನು.”

“ಹಟ ಮಾಡೋದು ಕೂರೋರ ಕೆಲಸ ಕಣೆ. ಬೇಡ ಅನ್ನೋದು ಓಡಿಸೋರ ಕೆಲಸ. ಮುಚ್ಚಿಟ್ಟಿದ್ರೆ ಇನ್ನೊಂದ್ಸಲ ಯಾರನ್ನಾದ್ರೂ ಕೂರಿಸ್ತಿದ್ದೆ.”

ಹೊಸ ಶಾಫ್ಟು ಬರಲು ಎರಡು ದಿನ ಹಿಡಿಯಿತು. ಮೂರನೇ ಬೆಳಿಗ್ಗೆ ಅದೇ ಏರನ್ನು ಮತ್ತೆ ಹತ್ತಿದರು. ಮೂವರೂ ಮುಂದೆಯೇ, ಭುಜಕ್ಕೆ ಭುಜ ಒತ್ತಿಕೊಂಡು. ಬೆಟ್ಟ ದಾಟಿ ಕೆರೆಯ ದಂಡೆಯಲ್ಲಿ ಜೀಪು ನಿಲ್ಲಿಸಿದಾಗ ಅವಳ ಬಲಗಾಲಿನ ಮೀನಖಂಡ ಗಂಟುಕಟ್ಟಿತ್ತು, ಇಳಿಯಲಾಗಲಿಲ್ಲ. ನಾದಿನಿ ಬಿಸಿನೀರು ಕಾಯಿಸಿ ತಂದಳು, ಬಟ್ಟೆ ಅದ್ದಿ ಹಿಂಡಿ ಕಾಲಿಗೆ ಕಾವು ಕೊಡುತ್ತ ಕೂತಳು.